ಎಲ್‌ಇಡಿ ಹತ್ತುತ್ತದೆ, ಸದ್ದಿಲ್ಲ: ಮನೆಯಲ್ಲಿ ಕಟ್ಟಿದ ಡಿಸ್ಟಾರ್ಷನ್ ಪೆಡಲ್ ರಿಪೇರಿ

ಬೈಪಾಸ್‌ನಲ್ಲಿ, ಅಂದರೆ ಸಿಗ್ನಲ್ ಪೆಡಲ್‌ನ ಸರ್ಕ್ಯೂಟ್ ಮುಟ್ಟದೆ ನೇರ ಆಂಪ್ಲಿಫೈಯರ್‌ಗೆ ಹೋಗುವಾಗ, ಗಿಟಾರ್ ಚೆನ್ನಾಗಿ ಕೇಳಿಸುತ್ತದೆ. ಫುಟ್‌ಸ್ವಿಚ್ ಒತ್ತಿದರೆ ಎಲ್‌ಇಡಿಯೂ ಹತ್ತುತ್ತದೆ. ಆದರೆ ಸದ್ದು ಮಾತ್ರ ಮಾಯ. ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ತಿರುವಿದರೆ ಸಣ್ಣಗೆ 'ಸ್ಸ್' ಅಂತ ಒಂದು ಉಸಿರು, ಅಷ್ಟೇ.

ಪೆಡಲ್, ಅಂದರೆ ಗಿಟಾರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಕೂತು ಸದ್ದನ್ನು ಬೇಕೆಂದೇ ಒರಟು ಮಾಡುವ ಪುಟ್ಟ ಡಬ್ಬಿ, ಅಕ್ಕನ ಮಗನದು. ಓದುತ್ತಿರುವುದು ಸಿವಿಲ್ ಇಂಜಿನಿಯರಿಂಗ್, ಹುಚ್ಚು ಗಿಟಾರಿನದು. "ಮಾಮ, ರೆಸಿಸ್ಟರ್ ಎಲ್ಲಾ ಬದಲಾಯಿಸಿದೆ. ಐಸಿನೂ ಬದಲಾಯಿಸಿದೆ. ಇನ್ನೇನು ಬದಲಾಯಿಸ್ಲಿ?" ಅಂತ ಕೇಳಿದ. ಏನೂ ಬೇಡ, ಮೊದಲು ವೋಲ್ಟೇಜ್ ನೋಡು ಕಣೋ ಅಂದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಈ ಪಾರ್ಟ್‌ಗಳೆಲ್ಲ ಚಿಲ್ಲರೆ ಕಾಸಿಗೆ ಸಿಗುತ್ತವೆ ನಿಜ. ಆದರೆ ಒಂದೊಂದು ಸಲ ಬಿಚ್ಚಿ ಹಾಕಿದಾಗಲೂ ವೆರೋ ಬೋರ್ಡ್‌ನ (ಪಾರ್ಟ್‌ಗಳನ್ನು ಬೆಸೆಯುವ ತೂತುತೂತಿನ ಹಲಗೆ) ತಾಮ್ರದ ಪಟ್ಟಿ ಸ್ವಲ್ಪ ಸ್ವಲ್ಪ ಏಳುತ್ತದೆ. ಬೋರ್ಡ್ ನನ್ನ ಕೈಗೆ ಬರುವಷ್ಟರಲ್ಲಿ ಎರಡು ಪಟ್ಟಿ ಆಗಲೇ ತುದಿಯಲ್ಲಿ ಎದ್ದಿದ್ದವು.

ಸರ್ಕ್ಯೂಟ್ ಯಾವುದು ಅಂತ ಹೇಳಿಬಿಡುತ್ತೇನೆ. 1970ರ ದಶಕದ ಎಂಎಕ್ಸ್‌ಆರ್ ಕಂಪನಿಯ ಡಿಸ್ಟಾರ್ಷನ್ ಪ್ಲಸ್ ಪೆಡಲ್ ಮಾದರಿಯದು. ಒಂದೇ ಒಂದು 741 ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ), ಎರಡು ಡಯೋಡ್, ಒಂದು ಹಿಡಿ ರೆಸಿಸ್ಟರ್ ಮತ್ತು ಕೆಪಾಸಿಟರ್. 741 ಅಂದರೆ 1968ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ಡೇವ್ ಫುಲ್ಲಾಗರ್ ವಿನ್ಯಾಸ ಮಾಡಿದ ಐಸಿ. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಈಗಲೂ ಅದೇ. ಗಿಟಾರ್ ಸಿಗ್ನಲ್ ಐಸಿಯ ಮೂರನೇ ಕಾಲಿಗೆ (ಪಿನ್) ಹೋಗುತ್ತದೆ. ಆರನೇ ಕಾಲಿನಿಂದ ಹೊರಗೆ ಬರುತ್ತದೆ. ಆರರಿಂದ ಎರಡನೇ ಕಾಲಿಗೆ 1 ಮೆಗಾ ಓಮ್ ಫೀಡ್‌ಬ್ಯಾಕ್, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ವಾಪಸ್ ಕೊಡುವ ರೆಸಿಸ್ಟರ್. ಎರಡನೇ ಕಾಲಿನಿಂದ ಗ್ರೌಂಡ್‌ಗೆ ಸಾಲಾಗಿ 47 ನ್ಯಾನೋ ಕೆಪಾಸಿಟರ್, 4.7 ಕೆ ರೆಸಿಸ್ಟರ್, ಗೇನ್ ಪಾಟ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅಂತ ತಿರುವಿ ಹೊಂದಿಸುವ ರೆಸಿಸ್ಟರ್). ಪಾಟ್‌ನ ರೆಸಿಸ್ಟೆನ್ಸ್ ಸೊನ್ನೆಗೆ ಬಂದಾಗ ಗೇನ್ ಸುಮಾರು 213. ಅಷ್ಟು ಹಿಗ್ಗಿದ ಸಿಗ್ನಲ್ಲು 10 ಕೆ ರೆಸಿಸ್ಟರ್ ದಾಟಿ ಎರಡು ಡಯೋಡ್‌ಗಳ ಹತ್ತಿರ ಬರುತ್ತದೆ. ಒಂದು ಡಯೋಡ್ ಮೇಲಿನ ತಲೆ ಕತ್ತರಿಸುತ್ತದೆ, ಇನ್ನೊಂದು ಕೆಳಗಿನದು. ಡಿಸ್ಟಾರ್ಷನ್ ಅಂದರೆ ಇಷ್ಟೇ.

ಒಂಬತ್ತು ವೋಲ್ಟ್ ಒಂದೇ ಸಪ್ಲೈ ಇರುವುದರಿಂದ ಐಸಿ ಮಧ್ಯದಲ್ಲಿ, ಅಂದರೆ 4.5 ವೋಲ್ಟ್ ಆಸುಪಾಸಿನಲ್ಲಿ ಕೂರಬೇಕು. ಅದಕ್ಕೆ ಎರಡು 1 ಮೆಗಾ ರೆಸಿಸ್ಟರ್ ಸೇರಿಸಿ ಸಪ್ಲೈಯನ್ನು ಅರ್ಧ ಮಾಡಿ, ಅಲ್ಲಿಂದ ಇನ್ನೊಂದು 1 ಮೆಗಾ ಮೂಲಕ ಮೂರನೇ ಕಾಲಿಗೆ ಕೊಡುತ್ತಾರೆ. ಹುಡುಗ ದಾರಿ ತಪ್ಪಿದ್ದು ಇಲ್ಲೇ. ಅವನ ಹತ್ತಿರ ಇದ್ದದ್ದು ಎಲ್ಲರ ಮನೆಯಲ್ಲೂ ಇರುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್. ಮೂರನೇ ಕಾಲಿಗೆ ಇಟ್ಟರೆ 1.8 ವೋಲ್ಟ್ ತೋರಿಸಿತಂತೆ. 4.5 ಇರಬೇಕಾದ ಕಡೆ 1.8! ಹಾಗಾಗಿ ಆ ರೆಸಿಸ್ಟರ್‌ಗಳನ್ನೇ ಮತ್ತೆ ಮತ್ತೆ ಬದಲಾಯಿಸಿದ್ದಾನೆ.

ರೆಸಿಸ್ಟರ್‌ಗಳಲ್ಲಿ ಏನೂ ದೋಷ ಇರಲಿಲ್ಲ. ಆ ಹಳದಿ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ 1 ಮೆಗಾ ಓಮ್. ಮೂರನೇ ಕಾಲಿನಿಂದ ಹಿಂದಕ್ಕೆ ನೋಡಿದರೆ ಸರ್ಕ್ಯೂಟ್‌ನದು 1.5 ಮೆಗಾ. ಮೀಟರ್ ಇಟ್ಟ ಕ್ಷಣವೇ ವೋಲ್ಟೇಜ್ ಹಂಚಿಹೋಗುತ್ತದೆ. 4.5ರಲ್ಲಿ ಎರಡೂವರೆಯಲ್ಲೊಂದು ಪಾಲು, ಲೆಕ್ಕ ಹಾಕಿ ನೋಡಿ, 1.8 ಬರುತ್ತದೆ. ನನ್ನ ಮೀಟರ್ 10 ಮೆಗಾದ್ದು. ಅದರಲ್ಲಿ 3.8 ತೋರಿಸಿತು. ಅದೂ ಪೂರ್ತಿ ನಿಜವಲ್ಲ. ಇಂಥ ಹೈ ಇಂಪಿಡೆನ್ಸ್, ಅಂದರೆ ರೆಸಿಸ್ಟೆನ್ಸ್ ತುಂಬಾ ದೊಡ್ಡದಿರುವ ಜಾಗದಲ್ಲಿ ಮೀಟರ್ ಹೇಳಿದ್ದನ್ನು ಹಾಗೇ ನಂಬಬಾರದು. ನಂಬಬಹುದಾದದ್ದು ಆರನೇ ಕಾಲು. ಔಟ್‌ಪುಟ್ ಗಟ್ಟಿ ಇರುತ್ತದೆ, ಯಾವ ಮೀಟರ್ ಇಟ್ಟರೂ ಅಲ್ಲಾಡುವುದಿಲ್ಲ.

ಹಾಗಾಗಿ ಶುರುವಿನಿಂದ ಅಳೆದೆ. ಕಪ್ಪು ಪ್ರೋಬ್ ಗ್ರೌಂಡ್‌ಗೆ ಕಚ್ಚಿಸಿದೆ. ಸಪ್ಲೈ ಬರುವ ಏಳನೇ ಕಾಲು 9.1 ವೋಲ್ಟ್, ಸರಿ. ಗ್ರೌಂಡ್‌ಗೆ ಸೇರಿದ ನಾಲ್ಕನೇ ಕಾಲು ಸೊನ್ನೆ, ಸರಿ. ಆರನೇ ಕಾಲು 8.2. ಸಿಕ್ಕಿತು! 4.5ರ ಹತ್ತಿರ ಇರಬೇಕಾದದ್ದು ಮೇಲೆ ಹೋಗಿ ಅಂಟಿಕೊಂಡಿದೆ. 741ಕ್ಕೆ ಸಪ್ಲೈವರೆಗೂ ಹೋಗಲು ಆಗುವುದಿಲ್ಲ, ಒಂದು ವೋಲ್ಟ್ ಕೆಳಗೇ ನಿಲ್ಲುತ್ತದೆ. ಅಂದರೆ 8.2 ಅದರ ಛಾವಣಿ. ಅಲ್ಲಿ ಕೂತ ಐಸಿಯಿಂದ ಸಿಗ್ನಲ್ ಬರುವುದು ಹೇಗೆ?

ಸಾಮಾನ್ಯವಾಗಿ ಎಲ್ಲರೂ ಮೊದಲು ಅನುಮಾನ ಪಡುವುದು ಫೀಡ್‌ಬ್ಯಾಕ್ ರೆಸಿಸ್ಟರ್ ಮೇಲೆ. ಅದು ಕಿತ್ತುಹೋಗಿದ್ದರೂ ಇದೇ ತರಹ ಆಗುತ್ತದೆ. ಪವರ್ ತೆಗೆದು ಎರಡು ಮತ್ತು ಆರನೇ ಕಾಲಿನ ನಡುವೆ ಅಳೆದೆ. ಸಂಪರ್ಕ ಇದೆ, ಕಡಿದಿಲ್ಲ. ಮತ್ತೆ ಪವರ್ ಕೊಟ್ಟು ಎರಡನೇ ಕಾಲಿಗೆ ಪ್ರೋಬ್ ಇಟ್ಟೆ. 2.5 ಚಿಲ್ಲರೆ ತೋರಿಸಿತು. ಏನೋ ಅಂದುಕೊಂಡು ಸುಮ್ನೆ ಎಡಗೈಯಿಂದ ಗೇನ್ ಪಾಟ್ ತಿರುವಿದೆ. ಮೀಟರ್‌ನಲ್ಲಿ ಅಂಕಿ ಇಳಿಯತೊಡಗಿತು. 2, 1.5, 0.8. ಪಾಟ್ ತುದಿಗೆ ಬಂದಾಗ 38 ಮಿಲಿವೋಲ್ಟ್. ವಾಪಸ್ ತಿರುವಿದೆ, ಮತ್ತೆ 2.5ಕ್ಕೆ ಏರಿತು.

ಅಲ್ಲಿಗೆ ಕಳ್ಳ ಯಾರು ಅಂತ ಗೊತ್ತಾಯಿತು. ಎರಡನೇ ಕಾಲಿಗೂ ಗೇನ್ ಪಾಟ್‌ಗೂ ನಡುವೆ ಆ 47 ನ್ಯಾನೋ ಕೆಪಾಸಿಟರ್ ಇದೆಯಲ್ಲ, ಅದು ಡಿಸಿಯನ್ನು (ಏರಿಳಿಯದೆ ನಿಂತ ವೋಲ್ಟೇಜನ್ನು) ಬಿಡಲೇಬಾರದು. ಪಾಟ್ ಎಷ್ಟು ತಿರುವಿದರೂ ಎರಡನೇ ಕಾಲಿನ ಡಿಸಿ ವೋಲ್ಟೇಜ್ ಅಲ್ಲಾಡಬಾರದು. ಅಲ್ಲಾಡುತ್ತಿದೆ ಅಂದರೆ ಕೆಪಾಸಿಟರ್ ಶಾರ್ಟ್ ಆಗಿದೆ, ಇಲ್ಲವೇ ಅದರ ಪಕ್ಕದಲ್ಲೇ ಕರೆಂಟ್‌ಗೆ ಬೇರೆ ದಾರಿ ಇದೆ. ದಾರಿ ಇದ್ದರೆ ಡಿಸಿಗೂ ಐಸಿ ಅದೇ ದೊಡ್ಡ ಗೇನ್ ಕೊಡುತ್ತದೆ. 4.5 ವೋಲ್ಟನ್ನು 213 ಪಟ್ಟು ಮಾಡಲು ಹೋಗಿ ಛಾವಣಿಗೆ ಬಡಿಯುತ್ತದೆ. ಗೇನ್ ಪೂರ್ತಿ ಕಡಿಮೆ ಮಾಡಿದರೂ ಮೂರು ಪಟ್ಟು. ಅದೂ 13 ವೋಲ್ಟ್ ದಾಟುತ್ತದೆ, 9 ವೋಲ್ಟ್ ಸಪ್ಲೈಯಲ್ಲಿ ಎಲ್ಲಿಂದ ತರುವುದು? ಹಾಗಾಗಿ ಪಾಟ್ ಎಲ್ಲಿಟ್ಟರೂ ಸದ್ದಿಲ್ಲ.

ಪವರ್ ತೆಗೆದು ಕೆಪಾಸಿಟರ್‌ನ ಎರಡು ಕಾಲಿನ ನಡುವೆ ಕಂಟಿನ್ಯೂಟಿ ನೋಡಿದೆ. ಬೀಪ್ ಹೊಡೆಯಿತು, ಅಂದರೆ ನೇರ ಸಂಪರ್ಕ ಇದೆ. ಕೆಪಾಸಿಟರ್ ಕೀಳುವ ಮೊದಲು ಬೋರ್ಡನ್ನು ತಿರುಗಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಂದು ಮೊಬೈಲ್‌ನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಬೆಳಕು ಗೆರೆಯಾಗಿ ಕಾಣುತ್ತದೆ. ಒಂದು ಕಡೆ ಗೆರೆ ತುಂಡಾಗಿತ್ತು. ಕೆಪಾಸಿಟರ್ ಹತ್ತಿರ ಅಲ್ಲ, ಅದಕ್ಕಿಂತ ನಾಲ್ಕು ತೂತು ಆಚೆ, 4.7 ಕೆ ರೆಸಿಸ್ಟರ್‌ನ ಕಾಲು ಬೆಸುಗೆ ಹಾಕಿದ ಜಾಗದಲ್ಲಿ. ಕೂದಲೆಳೆಯಷ್ಟು ಸೋಲ್ಡರ್ ಪಕ್ಕದ ಪಟ್ಟಿಗೆ ಹಾರಿ ಕೂತಿತ್ತು. ವೆರೋ ಬೋರ್ಡ್‌ನಲ್ಲಿ ಇದೇ ಪೀಕಲಾಟ. ಪಟ್ಟಿ ಉದ್ದಕ್ಕೂ ಒಂದೇ ತಂತಿ ಇದ್ದಂತೆ, ಹಾಗಾಗಿ ದೋಷ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ.

ಬ್ಲೇಡ್ ತುದಿಯಿಂದ ಸಂದಿಯನ್ನು ಗೀರಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಬೀಪ್ ನಿಂತಿತು. ಪವರ್ ಕೊಟ್ಟೆ. ಆರನೇ ಕಾಲು 4.4 ವೋಲ್ಟ್. ಪಾಟ್ ತಿರುವಿದರೂ ಜಪ್ಪಯ್ಯ ಅನ್ನುತ್ತಿಲ್ಲ.

ಗಿಟಾರ್ ಚುಚ್ಚಿದೆ. ಸದ್ದು ಬಂತು, ಆದರೆ ಬಂದೂ ಬಾರದ ಹಾಗೆ. ಬೈಪಾಸ್‌ಗಿಂತ ಎಷ್ಟೋ ಕಡಿಮೆ.

ಡಿಸಿ ಸರಿಯಾದ ಮೇಲೆ ಮೀಟರ್‌ನ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ. ಇನ್ನು ಕಿವಿಯ ಕೆಲಸ. ಅದಕ್ಕೆ ಆಡಿಯೋ ಪ್ರೋಬ್ ಬೇಕು. ಅಂಗಡಿಯಲ್ಲಿ ಕೊಳ್ಳುವ ವಸ್ತು ಅಲ್ಲ ಅದು. ಒಂದು ಹಳೇ ಗಿಟಾರ್ ಕೇಬಲ್‌ನ ಒಂದು ತುದಿ ಕತ್ತರಿಸಿ, ಹೊರಗಿನ ಜಾಲರಿಗೆ ಕ್ರೊಕೊಡೈಲ್ ಕ್ಲಿಪ್, ಒಳಗಿನ ತಂತಿಗೆ 100 ನ್ಯಾನೋ ಕೆಪಾಸಿಟರ್ ಒಂದು, ಅಷ್ಟೇ. 104 ಅಂತ ಬರೆದಿರುತ್ತದೆ ಅದರ ಮೇಲೆ. ಕ್ಲಿಪ್ ಗ್ರೌಂಡ್‌ಗೆ, ಇನ್ನೊಂದು ತುದಿ ಆಂಪ್ಲಿಫೈಯರ್‌ಗೆ. ಕೆಪಾಸಿಟರ್‌ನ ಕಾಲನ್ನು ಸರ್ಕ್ಯೂಟ್‌ನ ಯಾವ ಜಾಗಕ್ಕೆ ಮುಟ್ಟಿಸುತ್ತೀರೋ ಅಲ್ಲಿನ ಸದ್ದು ಸ್ಪೀಕರ್‌ನಲ್ಲಿ ಕೇಳುತ್ತದೆ. ಆಂಪ್ಲಿಫೈಯರ್ ವಾಲ್ಯೂಮ್ ಕಡಿಮೆ ಇಟ್ಟುಕೊಳ್ಳಿ. ಮುಟ್ಟಿಸುವಾಗ 'ಧಡ್' ಅನ್ನುತ್ತದೆ.

ಒಂದು ಕೈಯಲ್ಲಿ ಪ್ರೋಬ್ ಹಿಡಿದು ಇನ್ನೊಂದರಲ್ಲಿ ಗಿಟಾರ್ ಮೀಟಲು ಆಗುವುದಿಲ್ಲ. ನಾನು ಮೊಬೈಲ್‌ನ ತಂಬೂರಿ ಆ್ಯಪ್ ಹಾಕುತ್ತೇನೆ. ಬಿಡುವಿಲ್ಲದೆ ನುಡಿಯುತ್ತಿರುತ್ತದೆ. ಮೊಬೈಲ್ ವಾಲ್ಯೂಮ್ ಮಾತ್ರ ತೀರಾ ಕಡಿಮೆ ಇರಬೇಕು. ಗಿಟಾರ್ ಪಿಕಪ್ ಕೊಡುವುದು ನೂರಿನ್ನೂರು ಮಿಲಿವೋಲ್ಟ್, ಅದಕ್ಕಿಂತ ಜಾಸ್ತಿ ಕೊಟ್ಟರೆ ಪರೀಕ್ಷೆಗೆ ಅರ್ಥ ಇಲ್ಲ. ಇನ್ನೊಂದು ಮಜಾ ಇದೆ. ತಂಬೂರಿಯ ಸ-ಪ ಅಂದರೆ ರಾಕ್ ನುಡಿಸುವವರ ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ ಮೀಟುವುದು). ಎರಡು ಸ್ವರಗಳ ಕಂಪನ 2ಕ್ಕೆ 3ರ ಲೆಕ್ಕದಲ್ಲಿರುತ್ತದೆ. ಡಿಸ್ಟಾರ್ಷನ್‌ನಲ್ಲಿ ಅವು ಬೆರೆತು ಹುಟ್ಟುವ ಹೊಸ ಕಂಪನವೂ ಕೆಳಗಿನ ಸ್ಥಾಯಿಯ ಷಡ್ಜಕ್ಕೇ ಬೀಳುತ್ತದೆ. ಅದಕ್ಕೇ ಅದು ಕಿವಿಗೆ ಗಲೀಜಾಗದೆ ದಪ್ಪ ಕೇಳುತ್ತದೆ. ಅಡುಗೆಮನೆಯಿಂದ ಅಮ್ಮ ಮಾತ್ರ "ತಂಬೂರಿಗೆ ಏನು ಬಂತೋ?" ಅಂತ ಕೇಳಿದ್ದೂ ಆಯಿತು.

ಮೂರನೇ ಕಾಲಿನಲ್ಲಿ ತಂಬೂರಿ ಸಣ್ಣಗೆ, ಶುದ್ಧವಾಗಿ. ಆರನೇ ಕಾಲಿನಲ್ಲಿ ಅಬ್ಬರ. ಔಟ್‌ಪುಟ್‌ನ 1 ಮೈಕ್ರೋ ಕೆಪಾಸಿಟರ್ ದಾಟಿದ ಮೇಲೂ ಅಬ್ಬರ. 10 ಕೆ ರೆಸಿಸ್ಟರ್‌ನ ಆಚೆ ತುದಿಗೆ ಮುಟ್ಟಿಸಿದೆ. ಸದ್ದು ಹೆಚ್ಚುಕಡಿಮೆ ಮಾಯ. ಅಲ್ಲಿರುವುದು ಡಯೋಡ್ ಜೋಡಿ.

ಡಯೋಡ್‌ಗಳು ಜರ್ಮೇನಿಯಂ, ಗಾಜಿನ ಮೈಯವು. ಎದುರು ಬದುರು ಹಾಕಿದ ಜೋಡಿಯನ್ನು ಬೋರ್ಡ್‌ನಲ್ಲೇ ಅಳೆದರೆ ಎರಡು ದಿಕ್ಕಿನಲ್ಲೂ 0.3 ಆಸುಪಾಸು ತೋರಿಸಬೇಕು. ಇಲ್ಲಿ ಎರಡೂ ದಿಕ್ಕಿನಲ್ಲಿ ಬೀಪ್. ಒಂದರ ಕಾಲು ಎತ್ತಿ ನೋಡಿದರೆ ಅದು ಚೆನ್ನಾಗಿದೆ, ಇನ್ನೊಂದು ಪೂರ್ತಿ ಶಾರ್ಟ್. ಕಾಲನ್ನು ಗಾಜಿನ ಬುಡದವರೆಗೂ ಕತ್ತರಿಸಿ, ಸೋಲ್ಡರಿಂಗ್ ಐರನ್ ಒತ್ತಿ ಹಿಡಿದ ಗುರುತು ಕಾಣುತ್ತಿತ್ತು. ಸಿಲಿಕಾನ್ ಈ ಶಿಕ್ಷೆ ತಡೆದುಕೊಳ್ಳುತ್ತದೆ, ಜರ್ಮೇನಿಯಂ ತಡೆಯುವುದಿಲ್ಲ. ಕಾಲು ಉದ್ದ ಬಿಡಬೇಕು. ಗಾಜಿಗೂ ಐರನ್‌ಗೂ ನಡುವೆ ನೋಸ್ ಪ್ಲೈಯರ್‌ನಲ್ಲಿ ಹಿಡಿದುಕೊಳ್ಳಬೇಕು, ಶಾಖ ಪ್ಲೈಯರ್‌ಗೆ ಹೋಗುತ್ತದೆ.

ಇನ್ನೊಂದು ಡಯೋಡ್ ಬೇಕಲ್ಲ, ಎಸ್.ಪಿ. ರೋಡ್‌ಗೆ ಹೋದೆವು. ಟೌನ್ ಹಾಲ್ ಕಡೆಯಿಂದ ನಡೆದೇ ಹೋಗಬಹುದು, ಗಾಡಿ ತೆಗೆದುಕೊಂಡು ಹೋಗುವವರ ಧೈರ್ಯಕ್ಕೆ ನಮಸ್ಕಾರ. ಜರ್ಮೇನಿಯಂ ಕೇಳಿದರೆ ಕೆಲವು ಅಂಗಡಿಯಲ್ಲಿ 'ಹಾಗಂದರೆ?' ಅನ್ನುತ್ತಾರೆ, ಕೆಲವು ಕಡೆ ಏನೋ ಒಂದು ಕೊಡುತ್ತಾರೆ. ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಡಯೋಡ್ ಮೋಡ್‌ನಲ್ಲಿ 0.6 ತೋರಿಸಿದರೆ ಅದು ಸಿಲಿಕಾನ್, ಮೇಲೆ ಏನು ಬರೆದಿದ್ದರೂ ಅಷ್ಟೇ. ಈ ಊರಲ್ಲಿ ಜರ್ಮೇನಿಯಂ ಹುಡುಕುವುದು ಒಂಥರಾ ತಮಾಷೆ. 1954ರಲ್ಲಿ ಶುರುವಾದ ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ಜರ್ಮೇನಿಯಂ ಪಾರ್ಟ್‌ಗಳನ್ನು ತಾನೇ ತಯಾರಿಸುತ್ತಿತ್ತು. ಕೊನೆಗೆ ನಮಗೆ ಸಿಕ್ಕಿದ್ದು ಹಳೇ ರೇಡಿಯೋದಿಂದ ಕಿತ್ತಿಟ್ಟಿದ್ದ ಓಎ79. ಮೀಟರ್‌ನಲ್ಲಿ 0.3ರ ಸುತ್ತ ತೋರಿಸಿತು, ತಂದೆವು.

ಮನೆಗೆ ಬಂದು ಡಯೋಡ್ ಜಾಗಕ್ಕೆ ಐಸಿ ಸಾಕೆಟ್‌ನ ಎರಡು ತುಂಡು ಬೆಸೆದೆ, ಬದಲಾಯಿಸಿ ಬದಲಾಯಿಸಿ ಕೇಳಲಿ ಅಂತ. ಜರ್ಮೇನಿಯಂ ಹಾಕಿದರೆ ಮೆತ್ತಗೆ, ಆದರೆ ಸದ್ದು ಕಡಿಮೆ. 1ಎನ್4148 ಅನ್ನುವ ಸಿಲಿಕಾನ್ ಡಯೋಡ್ ಹಾಕಿದರೆ ಸದ್ದು ದುಪ್ಪಟ್ಟು, ಅಂಚು ಹರಿತ. ಎರಡು ಕೆಂಪು ಎಲ್‌ಇಡಿ ಹಾಕಿದರೆ 1.7 ವೋಲ್ಟ್‌ವರೆಗೆ ಕತ್ತರಿಸುವುದಿಲ್ಲ, ಹಾಗಾಗಿ ಇನ್ನೂ ಜೋರು, ಡಿಸ್ಟಾರ್ಷನ್ ಕಡಿಮೆ. ನನ್ನನ್ನು ಕೇಳಿದರೆ 4148 ಸಾಕು. ಜರ್ಮೇನಿಯಂ ಹೆಸರಿಗೆ ಇರುವಷ್ಟು ಮಹಿಮೆ ಅದರ ಸದ್ದಿಗೆ ಇಲ್ಲ. ಹುಡುಗ ಒಪ್ಪಲಿಲ್ಲ. ಪೆಡಲ್ ಅವನದು, ಓಎ79 ಉಳಿಯಿತು.

ಗೇನ್ ಪಾಟ್ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ರಿವರ್ಸ್ ಲಾಗ್ ಪಾಟ್ ಇದೆ, ಗೇನ್ ಜಾಸ್ತಿ ಇರುವ ತುದಿಯಲ್ಲಿ ನಿಧಾನವಾಗಿ ಬದಲಾಗುವಂಥದ್ದು. ಅದು ಸಿಗದೆ ಇವನು 470 ಕೆ ಲೀನಿಯರ್, ಅಂದರೆ ಉದ್ದಕ್ಕೂ ಸಮನಾಗಿ ಬದಲಾಗುವ ಪಾಟ್ ಹಾಕಿದ್ದ. ಅರ್ಧ ತಿರುವಿದಾಗ ಗೇನ್ ಬರೀ 5, ಪೂರ್ತಿ ತಿರುವಿದರೆ 213. ಅಂದರೆ ಇಡೀ ಆಟ ಕೊನೆಯ ಒಂದು ಚೂರಿನಲ್ಲಿ. ಮಾಮೂಲಿ ಲಾಗ್ ಪಾಟ್ ತಂದು ಉಲ್ಟಾ ಜೋಡಿಸಿದೆ. ಈಗ ಗೇನ್ ಹದವಾಗಿ ಏರುತ್ತದೆ, ಆದರೆ ನಲ್ಲಿ ತಿರುವಿದ ಹಾಗೆ, ಎಡಕ್ಕೆ ತಿರುವಿದರೆ ಜಾಸ್ತಿ. ಗೇನ್ ಏರಿಸಿದಂತೆ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ತೆಳುವಾಗುತ್ತದೆ ಅಂತ ಅವನು ದೂರಿದ. ಅದು ದೋಷ ಅಲ್ಲ. ಆ 47 ನ್ಯಾನೋ ಮತ್ತು 4.7 ಕೆ ಸೇರಿ 720 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸುತ್ತವೆ. ಇಲ್ಲದಿದ್ದರೆ ದಪ್ಪ ತಂತಿಗಳ ಸದ್ದು ಕಲಸಿಹೋಗುತ್ತದೆ. ಬೇಸ್ ಬೇಕಾದರೆ 47ರ ಬದಲು 100 ನ್ಯಾನೋ ಹಾಕು ಅಂದೆ.

ಇಷ್ಟಾದ ಮೇಲೆ ಬಂದದ್ದು ಬೇರೆಯೇ ಅತಿಥಿ. ಗೇನ್ ಪೂರ್ತಿ ಏರಿಸಿ, ತಂತಿ ಮುಟ್ಟದೆ ಸುಮ್ಮನಿದ್ದರೆ ಸ್ಪೀಕರ್‌ನಿಂದ ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದಾರೆ! ಆಕಾಶವಾಣಿ. ಬೆಂಗಳೂರು ಕೇಂದ್ರದ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಇನ್‌ಪುಟ್ ಜ್ಯಾಕ್‌ನಿಂದ ಬೋರ್ಡ್‌ಗೆ ಒಂದು ಗೇಣು ಉದ್ದದ ಬರೀ ತಂತಿ ಎಳೆದಿದ್ದ, ಅದೇ ಏರಿಯಲ್. ಐಸಿಯ ಒಳಗಿನ ಮೊದಲ ಟ್ರಾನ್ಸಿಸ್ಟರ್‌ಗಳೇ ರೇಡಿಯೋ ತರಂಗದಿಂದ ಮಾತನ್ನು ಬೇರ್ಪಡಿಸುವ ಡಿಟೆಕ್ಟರ್. ಅದರ ಮೇಲೆ ಇನ್ನೂರು ಪಟ್ಟು ಗೇನ್. ರೇಡಿಯೋಗೆ ಇನ್ನೇನು ಬೇಕು?

ಮೂಲ ಸರ್ಕ್ಯೂಟ್‌ನಲ್ಲಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ನ್ಯಾನೋ ಕೆಪಾಸಿಟರ್ ಇದೆ. "ಅದು ಏನೂ ಮಾಡಲ್ಲ ಅನ್ನಿಸ್ತು ಮಾಮ" ಅಂದ. ಗಿಟಾರ್ ಸದ್ದಿಗೆ ಹೆಚ್ಚೇನೂ ಮಾಡುವುದಿಲ್ಲ, ನಿಜ. ಆದರೆ 612 ಕಿಲೋಹರ್ಟ್ಸ್‌ಗೆ ಅದು ಬರೀ 260 ಓಮ್, ಹೆಚ್ಚುಕಡಿಮೆ ಗ್ರೌಂಡೇ. ಕೆಪಾಸಿಟರ್ ಹಾಕಿ, ತಂತಿ ಬದಲು ಜಾಲರಿ ಇರುವ ಶೀಲ್ಡೆಡ್ ವೈರ್ ಎಳೆದೆ. ಜಾಲರಿಯನ್ನು ಒಂದೇ ತುದಿಯಲ್ಲಿ ಗ್ರೌಂಡ್‌ಗೆ ಸೇರಿಸಿದೆ. ವಾರ್ತೆ ನಿಂತಿತು. ಗಿಟಾರ್‌ನ ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ ಮಾತ್ರ ಕಿವಿಗೊಟ್ಟರೆ ಒಂದು ಚೂರು ಕೇಳಿಸುತ್ತಿತ್ತು. ಅಲ್ಯೂಮಿನಿಯಂ ಡಬ್ಬಿಯೊಳಗೆ ಕೂರಿಸಿದ ಮೇಲೆ ಅದೂ ಹೋಯಿತು.

ಡಬ್ಬಿಯೊಳಗೆ ಕೂರಿಸಿದ ಮೇಲೆ ಪೆಡಲ್ಲೂ ಹೋಯಿತು ಅನ್ನಿ! ಮೇಜಿನ ಮೇಲೆ ಚೆನ್ನಾಗಿದ್ದದ್ದು ನಟ್ ಬಿಗಿ ಮಾಡಿದ ಕೂಡಲೇ ಸತ್ತಿತು. ಎಲ್‌ಇಡಿಯೂ ಇಲ್ಲ. ಅಡಾಪ್ಟರ್‌ನ ಪುಟ್ಟ ದೀಪ ಮಿಣಮಿಣ ಅನ್ನುತ್ತಿತ್ತು, ಅಂದರೆ ಎಲ್ಲೋ ಸಪ್ಲೈಯೇ ಶಾರ್ಟ್. ಗಿಟಾರ್ ಪೆಡಲ್‌ಗಳ ಪವರ್ ಪದ್ಧತಿ ಉಲ್ಟಾ: ಪ್ಲಗ್‌ನ ಮಧ್ಯ ನೆಗೆಟಿವ್, ಹೊರಗಿನ ಸುತ್ತು ಪಾಸಿಟಿವ್. ಇವನು ಹಾಕಿದ್ದು ಲೋಹದ ಮೈಯ ಡಿಸಿ ಜ್ಯಾಕ್. ಅದರ ಮೈ ಅಂದರೆ ಹೊರಗಿನ ಸುತ್ತು, ಅಂದರೆ 9 ವೋಲ್ಟ್. ಆಡಿಯೋ ಜ್ಯಾಕ್‌ಗಳ ಮೂಲಕ ಡಬ್ಬಿ ಗ್ರೌಂಡ್ ಆಗಿದೆ. ಎರಡೂ ಒಂದೇ ಡಬ್ಬಿಗೆ ತಾಗಿದರೆ ಇನ್ನೇನಾಗುತ್ತದೆ? ಡಬ್ಬಿಗೂ ಪಾಸಿಟಿವ್ ಪಟ್ಟಿಗೂ ಮೀಟರ್ ಹಿಡಿದರೆ ಬೀಪ್. ಪ್ಲಾಸ್ಟಿಕ್ ಮೈಯ ಜ್ಯಾಕ್ ಹಾಕಿದ ಮೇಲೆ ಸರಿಹೋಯಿತು. ಅದಕ್ಕೆ ತೂತು ಸ್ವಲ್ಪ ದೊಡ್ಡದು ಬೇಕು, ದುಂಡು ಅರದಿಂದ ಉಜ್ಜಿ ಉಜ್ಜಿ ಮೇಜೆಲ್ಲ ಅಲ್ಯೂಮಿನಿಯಂ ಪುಡಿ. ಆ ಪುಡಿ ಬೋರ್ಡ್ ಮೇಲೆ ಬೀಳದ ಹಾಗೆ ಬೋರ್ಡನ್ನು ಹೊರಗೆ ತೆಗೆದೇ ಉಜ್ಜಿ.

ಸೆಟ್‌ಟಾಪ್ ಬಾಕ್ಸ್, ರೌಟರ್ ಅಡಾಪ್ಟರ್‌ಗಳನ್ನು ಇದಕ್ಕೆ ಚುಚ್ಚಬೇಡಿ. ಪ್ಲಗ್ ಸರಿಯಾಗಿ ಕೂರುತ್ತದೆ, ಆದರೆ ಮಧ್ಯ ಪಾಸಿಟಿವ್, ಬಹಳಷ್ಟು 12 ವೋಲ್ಟ್ ಬೇರೆ. ಸಪ್ಲೈಗೆ ಸಾಲಾಗಿ ಒಂದು 1ಎನ್5817 ಡಯೋಡ್ ಹಾಕಿದ್ದೇನೆ. ಉಲ್ಟಾ ಚುಚ್ಚಿದರೆ ಕರೆಂಟ್ ಒಳಗೇ ಬರುವುದಿಲ್ಲ. ಸರಿಯಾಗಿ ಚುಚ್ಚಿದಾಗ ಕಳೆದುಕೊಳ್ಳುವುದು ಸುಮಾರು ಕಾಲು ವೋಲ್ಟ್.

ಉಳಿದದ್ದು ಫುಟ್‌ಸ್ವಿಚ್ ಒತ್ತಿದಾಗ ಬರುವ 'ಟಪ್'. ಇನ್‌ಪುಟ್ ಕೆಪಾಸಿಟರ್‌ನ ಹೊರಬದಿ ಬೈಪಾಸ್‌ನಲ್ಲಿ ಎಲ್ಲಿಗೂ ಸೇರದೆ ತೇಲುತ್ತಿರುತ್ತದೆ, ಅಲ್ಲಿ ನಿಧಾನವಾಗಿ ವೋಲ್ಟೇಜ್ ಕೂಡಿಕೊಳ್ಳುತ್ತದೆ. ಸ್ವಿಚ್ ಒತ್ತಿದಾಗ ಅದು ಒಮ್ಮೆಲೇ ಇಳಿಯುವ ಸದ್ದು ಅದು. ಅಲ್ಲಿಂದ ಗ್ರೌಂಡ್‌ಗೆ 2.2 ಮೆಗಾ ಓಮ್ ಹಾಕಿದೆ. ಪವರ್ ಕೊಟ್ಟ ಮೇಲೆ ಮೊದಲ ಸಲ ಒತ್ತಿದಾಗ ಈಗಲೂ ಸಣ್ಣಗೆ ಟಪ್ ಅನ್ನುತ್ತದೆ, ಆಮೇಲೆ ಇಲ್ಲ.